ವೆಬ್‌ಸೈಟ್ ಪೇಜಿನ ಅಗಲ 1366 ಇಡಬೇಕಾ, 1920 ಇಡಬೇಕಾ?

ವೆಬ್‌ಸೈಟಿನ ಡಿಸೈನ್ ಫೈಲ್ ತೆರೆಯುವಾಗ ಅಗಲ 1366 ಪಿಕ್ಸೆಲ್ ಕೊಡಬೇಕಾ, 1920 ಕೊಡಬೇಕಾ, ಎತ್ತರ ಎಷ್ಟು ಅಂತ ಕೇಳಿದ್ದೀರಿ (ಇಲ್ಲಿ ಬರುವ ಅಗಲಗಳೆಲ್ಲ ಪಿಕ್ಸೆಲ್, ಅಂದರೆ ಪರದೆಯ ಚುಕ್ಕೆಗಳ ಲೆಕ್ಕದಲ್ಲಿ). ಯಾವುದು ಕೊಟ್ಟರೂ ನಡೆಯುತ್ತದೆ, ಆ ಸಂಖ್ಯೆಯನ್ನು ಕೋಡ್‌ಗೆ ಮಾತ್ರ ತರಬೇಡಿ. ಎತ್ತರವನ್ನಂತೂ ಮರೆತುಬಿಡಿ, ಒಳಗೆ ಎಷ್ಟು ವಿಷಯ ಇದೆಯೋ ಅಷ್ಟುದ್ದ ಅದೇ ಬೆಳೆಯುತ್ತದೆ.

ಮೊದಲೆಲ್ಲ ಇದಕ್ಕೆ ಒಂದೇ ಮಾತಿನ ಉತ್ತರ ಇತ್ತು: 960. ಆಗ ಹೆಚ್ಚಿನ ಮಾನಿಟರ್‌ಗಳು 1024 ಅಗಲ, ಸ್ಕ್ರಾಲ್‌ಬಾರ್‌ಗೆ ಜಾಗ ಬಿಟ್ಟರೂ 960 ಆರಾಮಾಗಿ ಹಿಡಿಸುತ್ತಿತ್ತು, ಜೊತೆಗೆ 2, 3, 4, 6, 12 ಯಾವುದರಿಂದ ಭಾಗಿಸಿದರೂ ಶೇಷ ಉಳಿಯದ ಕಾರಣ ಕಾಲಂ ಲೆಕ್ಕ ಸುಲಭ. 2007ರಲ್ಲಿ ಐಫೋನ್ ಬಂದ ಮೇಲೆ ಈ ಲೆಕ್ಕ ಕೆಟ್ಟಿತು. 2010ರಲ್ಲಿ ಈಥನ್ ಮಾರ್ಕಾಟ್ ಅನ್ನುವ ವೆಬ್ ಡಿಸೈನರ್ ಪೇಜೇ ಪರದೆಗೆ ಹೊಂದಿಕೊಳ್ಳಲಿ ಅಂತ ಹೇಳಿ, ಅದಕ್ಕೆ ರೆಸ್ಪಾನ್ಸಿವ್ ಡಿಸೈನ್ ಅಂತ ಹೆಸರಿಟ್ಟರು.

ಇನ್ನೊಂದು ಎಡವಟ್ಟು ಇದೆ, ನಾನೇ ಬಿದ್ದಿದ್ದೇನೆ. ಪರದೆಯ ಡಬ್ಬದ ಮೇಲೆ ಬರೆದ ಸಂಖ್ಯೆ ಬೇರೆ, ಪೇಜಿಗೆ ಸಿಗುವ ಅಗಲ ಬೇರೆ. ಒಮ್ಮೆ 1920ಕ್ಕೆ ಅಂತ ಮೆನುವನ್ನೆಲ್ಲ ಅಳೆದು ಕೂರಿಸಿದ್ದೆ. ಮಾಡಿಸಿಕೊಂಡವರ ಲ್ಯಾಪ್‌ಟಾಪ್ ಕೂಡ 1920ರದ್ದೇ, ಆದರೆ ವಿಂಡೋಸ್‌ನಲ್ಲಿ ಸ್ಕೇಲಿಂಗ್ (ಎಲ್ಲವನ್ನೂ ದೊಡ್ಡದಾಗಿ ತೋರಿಸುವ ಸೆಟ್ಟಿಂಗ್) 150% ಇತ್ತು. ಅಂದರೆ ಬ್ರೌಸರ್‌ಗೆ ಸಿಕ್ಕಿದ್ದು 1280 ಮಾತ್ರ, ಮೆನುವಿನ ಕೊನೆಯ ಎರಡು ಹೆಸರು ಕೆಳಗಿನ ಸಾಲಿಗೆ ಬಿದ್ದಿದ್ದವು. ಅರ್ಧ ದಿನ ಬ್ರೌಸರನ್ನು ಬೈದುಕೊಂಡಿದ್ದೆ! ಫೋನ್ ಕಥೆಯೂ ಇದೇ, 1080 ಅಗಲದ ಫೋನ್ ಎಷ್ಟೋ ಸಲ ಪೇಜಿಗೆ ಕೊಡುವುದು 360.

ಹಾಗಾಗಿ ನಾನು 360ರಿಂದ ಶುರು ಮಾಡುತ್ತೇನೆ. ಎಲ್ಲ ಒಂದೇ ಕಾಲಂನಲ್ಲಿ, ಒಂದರ ಕೆಳಗೆ ಒಂದು. ಅದು ಸರಿಯಾದ ಮೇಲೆ ಬ್ರೌಸರ್ ಕಿಟಕಿಯನ್ನು ಮೆಲ್ಲಗೆ ಎಳೆದು ಅಗಲ ಮಾಡುತ್ತಾ ಹೋಗಿ, ಎಲ್ಲಿ ನೋಡಲು ಕಿರಿಕಿರಿ ಆಗುತ್ತದೋ, ಸಾಲು ತೀರಾ ಉದ್ದ ಆಯ್ತು ಅನ್ನಿಸುತ್ತದೋ, ಅಲ್ಲೇ ಬ್ರೇಕ್‌ಪಾಯಿಂಟ್ ಹಾಕಿ, ಅಂದರೆ ಆ ಅಗಲದಿಂದ ಜೋಡಣೆ ಬದಲಾಗಲಿ ಅಂತ ಕೋಡ್‌ನಲ್ಲಿ ಹೇಳಿ. ಆ ಫೋನಿಗೆ ಇಷ್ಟು, ಈ ಟ್ಯಾಬ್ಲೆಟ್‌ಗೆ ಅಷ್ಟು ಅಂತ ಪಟ್ಟಿ ಇಟ್ಟುಕೊಂಡರೆ ಅದಕ್ಕೆ ಕೊನೆಯೇ ಇಲ್ಲ. ಪೇಜಿನ ಅಗಲ ಫೋನಿನ ಅಗಲದಷ್ಟೇ ಅಂತ ಬ್ರೌಸರ್‌ಗೆ ಹೇಳುವ ಒಂದು ಸಾಲಿನ ಕೋಡ್, ವ್ಯೂಪೋರ್ಟ್ ಮೆಟಾ ಟ್ಯಾಗ್, ಮರೆಯಬೇಡಿ. ಅದಿಲ್ಲದಿದ್ದರೆ ಫೋನ್ ನಿಮ್ಮ ಪೇಜನ್ನು 980 ಅಗಲ ಅಂದುಕೊಂಡು ಇರುವೆ ಗಾತ್ರಕ್ಕೆ ಕುಗ್ಗಿಸುತ್ತದೆ.

ನಿಜವಾಗಿ ಅಳತೆ ಬೇಕಿರುವುದು ಓದುವ ಸಾಲಿಗೆ. ಇಂಗ್ಲಿಷ್‌ಗೆ ಸಾಲಿಗೆ 45ರಿಂದ 75 ಅಕ್ಷರ ಅನ್ನುತ್ತಾರೆ, ಅದಕ್ಕೇ ಜನ ಕೋಡ್‌ನಲ್ಲಿ ಮ್ಯಾಕ್ಸ್-ವಿಡ್ತ್ (ಗರಿಷ್ಠ ಅಗಲ) 65 ಸಿಎಚ್ (ch) ಅಂತ ಕೊಡುವುದು. ಆದರೆ ಆ ಸಿಎಚ್ ಅನ್ನುವ ಅಳತೆ ಅಂದರೆ 0 ಅಂಕಿಯ ಅಗಲ. ನಮ್ಮ ಅಕ್ಷರಗಳು ಅದಕ್ಕಿಂತ ಜಾಸ್ತಿ ಜಾಗ ತಿನ್ನುತ್ತವೆ, ಪದಗಳೂ ಉದ್ದ, ಆದ್ದರಿಂದ ಕನ್ನಡ ಪೇಜಾದರೆ ಕಣ್ಣಳತೆಯಲ್ಲಿ ನೋಡಿ ಸರಿ ಮಾಡಬೇಕು. ಲೈನ್-ಹೈಟ್ (ಸಾಲಿನ ಎತ್ತರ) ನಾನು ಅಕ್ಷರ ಗಾತ್ರದ 1.7 ಪಟ್ಟು ಇಡುತ್ತೇನೆ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುವಂತೆ ಕಾಣುತ್ತದೆ. ದೊಡ್ಡ ಪರದೆಯಲ್ಲಿ ಎರಡೂ ಕಡೆ ಖಾಲಿ ಉಳಿಯುತ್ತದಲ್ವಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಉಳಿಯಲಿ ಬಿಡಿ. ಆ ಜಾಗ ತುಂಬಿಸಲು ಸುಮ್ನೆ ಸೈಡ್‌ಬಾರ್ ತುರುಕಬೇಡಿ.

ಕೊನೆಗೆ ಕಿಟಕಿಯನ್ನು 320ಕ್ಕೆ ಇಳಿಸಿ ನೋಡಿ, ಅಥವಾ 1280 ಅಗಲದಲ್ಲಿ 400% ಝೂಮ್ ಮಾಡಿ, ಎರಡೂ ಒಂದೇ. ಕಣ್ಣು ಮಂಜಾದವರು ಹಾಗೇ ಓದುವುದು. ಅಡ್ಡಡ್ಡ ಸ್ಕ್ರಾಲ್ ಬಂದರೆ ಕಳ್ಳ ಸಾಮಾನ್ಯವಾಗಿ ಒಂದು ದೊಡ್ಡ ಫೋಟೋ, ಟೇಬಲ್, ಮುರಿಯದ ಉದ್ದ ಲಿಂಕ್, ಇಲ್ಲವೇ ಅಗಲ 100 ವಿಡಬ್ಲ್ಯೂ (vw, ಅಂದರೆ ಕಿಟಕಿಯ ಅಗಲದ ನೂರಕ್ಕೆ ನೂರು) ಅಂತ ಕೊಟ್ಟ ಪೇಜಿನ ಒಂದು ಭಾಗ. ಆ 100ರಲ್ಲಿ ಸ್ಕ್ರಾಲ್‌ಬಾರ್‌ನ ಜಾಗವೂ ಸೇರಿರುತ್ತದೆ, ಅದಕ್ಕೇ ಹೊರಗೆ ಚಾಚುತ್ತದೆ.

ಫೈಲ್ ಅಳತೆ ಹೇಳಲೇಬೇಕು ಅಂದರೆ 360ರದ್ದೊಂದು, 1440ರದ್ದೊಂದು ಫ್ರೇಮ್ ಸಾಕು. ನಡುವಿನದ್ದನ್ನು ಬ್ರೌಸರ್‌ನಲ್ಲೇ ನೋಡಿಕೊಳ್ಳಿ.