ಮೊದಲು ಆ ಫೋಮ್ ಟೇಪ್ ಕಿತ್ತು ಬಿಸಾಡಿ

ಸರ್, ನಿಮ್ಮ 3ಡಿ ಪ್ರಿಂಟರಿನ ಅಲುಗಾಟ ಅಳೆದ ಗ್ರಾಫೂ ನೋಡಿದೆ, ಅದರಲ್ಲಿ ತೆಗೆದ ಟೆಸ್ಟ್ ಕ್ಯೂಬಿನ ಫೋಟೋವೂ ನೋಡಿದೆ. ಪ್ರಿಂಟರ್ ನಡೆಸುವ ಕ್ಲಿಪ್ಪರ್ ಸಾಫ್ಟ್‌ವೇರ್ 3ಹಂಪ್ ಇಐ ಅನ್ನುವ ಶೇಪರ್ (ದೂಡುವುದನ್ನು ಭಾಗ ಮಾಡಿ ಅಲುಗಾಟ ಅಡಗಿಸುವ ಲೆಕ್ಕ) ಹಾಕು ಅಂತು, ಹಾಕಿದಿರಿ, ರಿಂಗಿಂಗ್, ಅಂದರೆ ಮೂಲೆಯ ಪಕ್ಕ ಅಲುಗಾಟದಿಂದ ಮೂಡುವ ಅಲೆ, ಹೋಯ್ತು, ಈಗ ಮೂಲೆಗಳೆಲ್ಲ ಉರುಟು. ಆಗದೆ ಇರ್ತದಾ ಮಾರಾಯ್ರೆ? ಅಲುಗಾಟ ಅಳೆಯುವ ಸೆನ್ಸರನ್ನು ಫೋಮ್ ಇರುವ ಡಬಲ್ ಸೈಡ್ ಟೇಪಲ್ಲಿ ಅಂಟಿಸಿದ್ದೀರಿ. ಟೇಪಿನ ಕುಣಿತವೂ ಸೇರಿ ಗ್ರಾಫಿನ ಪೀಕ್ ಅಷ್ಟಗಲ ಆಗಿದೆ, ಅದಕ್ಕೇ 3ಹಂಪ್ ಹೇಳಿದ್ದು. ಸ್ಕ್ರೂ ಹಾಕಿ ಬಿಗಿ ಮಾಡಿ, ಎಕ್ಸ್ ದಿಕ್ಕಿಗೆ ಹಾಟೆಂಡ್ (ಪ್ಲಾಸ್ಟಿಕ್ ಕರಗಿಸುವ ಮೂತಿ) ಹತ್ತಿರ, ವೈ ದಿಕ್ಕಿಗೆ ಪ್ರಿಂಟ್ ಕೂರುವ ಬೆಡ್ ಮೇಲೆ.

ನನ್ನನ್ನು ಕೇಳಿದ್ರೆ ಸೆನ್ಸರೇ ಬೇಡ. ಶೇಪರ್ ಆಫ್ ಮಾಡಿ, ಪ್ರೆಶರ್ ಅಡ್ವಾನ್ಸ್ (ಮೂತಿಯೊಳಗಿನ ಒತ್ತಡ ಸರಿದೂಗಿಸುವ ಸೆಟ್ಟಿಂಗ್) ಸೊನ್ನೆಗೆ ತನ್ನಿ, ಕಪ್ಪು ಫಿಲಮೆಂಟಲ್ಲಿ (ಪ್ರಿಂಟಿಗೆ ಹಾಕುವ ಪ್ಲಾಸ್ಟಿಕ್ ಎಳೆ) ರಿಂಗಿಂಗ್ ಟವರ್ ಅನ್ನುವ ಪರೀಕ್ಷೆಯ ಪ್ರಿಂಟ್ ತೆಗೆಯಿರಿ. ಟಾರ್ಚ್ ಓರೆಯಾಗಿ ಹಿಡಿದರೆ ಒಂದೊಂದು ಅಲೆಯೂ ಎದ್ದು ಕಾಣ್ತದೆ. ಮೂಲೆಗೆ ತಾಗಿದ ಅಲೆ ಬಿಟ್ಟು ಮುಂದಿನದ್ದನ್ನು ವರ್ನಿಯರಲ್ಲಿ ಅಳೆಯಿರಿ. ಸೆಕೆಂಡಿಗೆ 100 ಮಿಮೀ ವೇಗದಲ್ಲಿ 6 ಅಲೆಗೆ 15 ಮಿಮೀ ಸಿಕ್ಕಿತು ಅಂದ್ರೆ 100×6÷15, ಅಂದರೆ 40 ಹರ್ಟ್ಸ್. ಒಂದು ಸುತ್ತಿಗೆ 25 ಮಿಲಿಸೆಕೆಂಡ್. ಝಡ್‌ವಿ ಅನ್ನುವ ಸರಳ ಶೇಪರ್ ಅರ್ಧ ದೂಡ್ತದೆ, 12.5 ಮಿಲಿಸೆಕೆಂಡ್ ಬಿಟ್ಟು ಇನ್ನರ್ಧ ದೂಡ್ತದೆ, ಎರಡರ ಅಲುಗಾಟ ಒಂದಕ್ಕೊಂದು ವಜಾ. ಪಳಗಿದ ಕ್ರೇನ್ ಆಪರೇಟರ್ ನೇತಾಡುವ ಲೋಡ್ ನಿಲ್ಲಿಸುವುದೂ ಹೀಗೆಯೇ. ಸ್ಮಿತ್ ಅನ್ನುವವರು 1957ರಲ್ಲೇ ಪಾಸಿಕಾಸ್ಟ್ ಅಂತ ಹೆಸರಿಟ್ಟ ಉಪಾಯ ಇದು. 3ಹಂಪ್‌ಗೆ ಅದೇ ಕೆಲಸಕ್ಕೆ ಎರಡು ಪೂರ್ತಿ ಸುತ್ತು ಬೇಕು, 50 ಮಿಲಿಸೆಕೆಂಡ್. ನಿಮ್ಮ ಮೂಲೆ ಹೋದದ್ದು ಅಲ್ಲಿ.

ಹಾಗಂತ ಎಲ್ಲ ಕಡೆ ಝಡ್‌ವಿ ತುರುಕಬೇಡಿ. ನಿಮ್ಮದು ಬೆಡ್ ಓಡುವ ಮೆಷಿನ್, ಪ್ರಿಂಟ್ ದೊಡ್ಡದಾದ ಹಾಗೆ ತೂಕ ಏರಿ ವೈ ಫ್ರೀಕ್ವೆನ್ಸಿ ಇಳೀತದೆ. ಝಡ್‌ವಿಗೆ ಅಷ್ಟು ವ್ಯತ್ಯಾಸವೂ ತಡೆಯುವುದಿಲ್ಲ. ಅಲ್ಲಿ ಸ್ವಲ್ಪ ಹೆಚ್ಚು ತಡೆಯುವ ಎಂಝಡ್‌ವಿ ಶೇಪರ್ ಇರಲಿ. ದೊಡ್ಡ ಪೀಸ್ ಆದರೆ ಅದಕ್ಕೂ ಹೆಚ್ಚು ತಡೆಯುವ ಇಐ.

ಇನ್ನೊಂದು, ಅಲೆಯ ಅಂತರ ವೇಗ ಬದಲಿಸಿದರೂ 2 ಮಿಮೀಯೇ ಬರ್ತಾ ಇದ್ದರೆ ಶೇಪರಿಂದ ಎಂತದೂ ಆಗುವುದಿಲ್ಲ. ಅದು 2 ಮಿಮೀಗೊಂದು ಹಲ್ಲಿರುವ ಜಿಟಿ2 ಬೆಲ್ಟಿನ ಹಲ್ಲಿನ ಗುರುತು. ಬೆಲ್ಟ್ ಟೆನ್ಶನ್, ಐಡ್ಲರ್ (ಬೆಲ್ಟ್ ಸುತ್ತಿ ಬರುವ ಗಾಲಿ) ನೋಡಿ. ಬೆಲ್ಟ್ ಬದಲಿಸುವುದಾದರೆ ಗೇಟ್ಸ್ ಕಂಪೆನಿಯದ್ದೇ ಹಾಕಿ, ಮೀಟರಿಗೆ ನಾಲ್ಕು ಕಾಸು ಉಳಿಸಲಿಕ್ಕೆ ಹೋಗಬೇಡಿ.

ಮತ್ತೆ ಪ್ರಿಂಟರ್ ಉಪ್ಪರಿಗೆಯ ಮರದ ಹಲಗೆ ಮೇಲೆ ಇಟ್ಟದ್ದು ಯಾರ ಸಲಹೆ? ಹಲಗೆಯೂ ಕುಣೀತದೆ, ಕೆಳಗೆ ತನ್ನಿ. ನಮ್ಮ ಉಪ್ಪುಗಾಳಿಗೆ ಸ್ಕ್ರೂಗಳೂ ತುಕ್ಕು ಹಿಡೀತವೆ, ಅಳೆಯುವ ಮುಂಚೆ ಎಲ್ಲ ಒಮ್ಮೆ ಬಿಗಿ ಮಾಡಿ. ಆಮೇಲೆ ಬಿಗಿ ಮಾಡಿದ್ರೆ ಫ್ರೀಕ್ವೆನ್ಸಿ ಪುನಃ ಬದಲು. ಶೇಪರ್ ಕೂತ ಮೇಲೆ ಪ್ರೆಶರ್ ಅಡ್ವಾನ್ಸ್ ಹೊಸದಾಗಿ ಹೊಂದಿಸಿ. ಮಳೆಗಾಲದಲ್ಲಿ ಅದಕ್ಕಿಂತ ಮೊದಲು ಫಿಲಮೆಂಟ್ ಒಣಗಿಸಿ, ತೇವ ಇದ್ದರೆ ಯಾವ ನಂಬರೂ ನಿಲ್ಲುವುದಿಲ್ಲ.