ತಮ್ಮನ ಅಂಗವಿಕಲ ವೇತನದ ಅರ್ಜಿ ಹಾಕಿ ತಿಂಗಳುಗಳಾದವು, ಇನ್ನೂ ಕಾಯಬೇಕಾ, ಹೊಸದಾಗಿ ಹಾಕಬೇಕಾ?

ನಿಮ್ಮ ತಮ್ಮನ ಅರ್ಜಿ ಬಾಕಿ ಇದೆ ಅಂತ ಹೇಳಿದ್ದು ಯಾರು? ಕೌಂಟರಿನವರು 'ಬರುತ್ತೆ, ಇನ್ನೊಂದು ತಿಂಗಳು ನೋಡಿ' ಅಂದರು ಅಂತ ಬರೆದಿದ್ದೀರಿ. ಅದೇ ಮಾತು ನಂಬಿಕೊಂಡು ನಾನೂ ಹೆಚ್ಚುಕಮ್ಮಿ ವರ್ಷ ಕೂತಿದ್ದೆ. ನನ್ನ ಅರ್ಜಿ ಅಷ್ಟರಲ್ಲಿ ಯಾವತ್ತೋ ತಿರಸ್ಕೃತವಾಗಿತ್ತು.

ನನಗೆ ಬಲಗಾಲು ಪೋಲಿಯೊ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನಲ್ಲಿ ಶೇ. 60 ಅಂಗವೈಕಲ್ಯ ಅಂತಿದೆ. ನಾಡಕಚೇರಿಯ ಸಾಲಿನಲ್ಲಿ ನಿಲ್ಲೋಕಾಗಲ್ಲ ಅಂತ ಪಕ್ಕದ ಸೈಬರ್ ಸೆಂಟರಿನಲ್ಲಿ ಅರ್ಜಿ ಹಾಕಿಸಿದೆ. ಅಲ್ಲಿನ ಹುಡುಗ ಮೊಬೈಲ್ ನಂಬರಿನ ಜಾಗದಲ್ಲಿ ತನ್ನದೇ ನಂಬರ್ ಹೊಡೆದಿದ್ದ. ಮೋಸಕ್ಕಲ್ಲ. ಒಟಿಪಿಗೆ ಗಿರಾಕಿಗಳ ಮುಖ ನೋಡಿಕೊಂಡು ಕೂರೋದು ಬೇಡ ಅಂತ ಎಲ್ಲರದ್ದಕ್ಕೂ ಹಾಗೇ ಮಾಡುತ್ತಿದ್ದನಂತೆ. ಸರಿ, ಸ್ಥಳ ಪರಿಶೀಲನೆಗೆ ಗ್ರಾಮ ಲೆಕ್ಕಿಗರು ಬಂದರು. ಮನೆಗೆ ಬೀಗ, ನಾನು ಕಾಲಿಗೆ ಕಟ್ಟುವ ಕ್ಯಾಲಿಪರ್ ರಿಪೇರಿಗೆ ಅಂತ ಅಕ್ಕನ ಊರಿಗೆ ಹೋಗಿದ್ದೆ. ಅವರು ಫೋನ್ ಮಾಡಿದ್ದೂ ಆ ಹುಡುಗನಿಗೇ. ಎತ್ತಲಿಲ್ಲವೋ, ಎತ್ತಿ ರಾಂಗ್ ನಂಬರ್ ಅಂದನೋ, ವರದಿಯಲ್ಲಿ ಮಾತ್ರ 'ಅರ್ಜಿದಾರರು ಸದರಿ ವಿಳಾಸದಲ್ಲಿ ವಾಸವಿಲ್ಲ' ಅಂತ ಬಿತ್ತು. ತಿರಸ್ಕಾರದ ಎಸ್‌ಎಂಎಸ್ ಕೂಡ ಅವನ ಫೋನಿಗೇ ಹೋಯಿತು. ಊರಿನವರ ಮೆಸೇಜೆಲ್ಲ ಬಂದು ಬೀಳುವ ಫೋನಿನಲ್ಲಿ ನನ್ನದನ್ನು ಯಾರು ಹುಡುಕುತ್ತಾರೆ? ಸ್ವೀಕೃತಿ ಪತ್ರದ ಮೇಲೆ ಆ ನಂಬರ್ ದಪ್ಪಗೆ ಅಚ್ಚಾಗಿತ್ತು. ನಾನು ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿ ಬೀರುವಿನಲ್ಲಿಟ್ಟಿದ್ದೆ!

ಕೊನೆಗೆ ನಮ್ಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ (ಅಂಗವಿಕಲರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ) ಹುಡುಗಿ, ಸ್ವೀಕೃತಿ ಪತ್ರದಲ್ಲಿರುವ ಅರ್ಜಿಯ ಆರ್‌ಡಿ ಸಂಖ್ಯೆ ಕೇಳಿ ತನ್ನ ಮೊಬೈಲಿನಲ್ಲೇ ಒತ್ತಿ ನೋಡಿ, 'ರಿಜೆಕ್ಟ್ ಆಗಿದೆಯಲ್ಲ ಅಣ್ಣ' ಅಂದಳು.

ಹಾಗಾಗಿ ಕಾಯೋದಾ, ಹೊಸದು ಹಾಕೋದಾ ಅನ್ನೋ ಪ್ರಶ್ನೆಯೇ ಈಗ ಬೇಡ. ಇವತ್ತೇ ನಾಡಕಚೇರಿ ವೆಬ್‌ಸೈಟಿನಲ್ಲಿ ಆರ್‌ಡಿ ಸಂಖ್ಯೆ ಹಾಕಿ ಸ್ಥಿತಿ ನೋಡಿ. ತಿರಸ್ಕಾರ ಅಂತಿದ್ದರೆ ಕಾರಣ ಲಿಖಿತವಾಗಿ ಕೇಳಿ. ಕಾರಣ ತಿಳಿಯದೆ ಮತ್ತೆ ಹಾಕಿದರೆ ಅದೇ ಕಲ್ಲಿಗೆ ಮತ್ತೆ ಎಡವುತ್ತೀರಿ. ನಿಜಕ್ಕೂ ಬಾಕಿ ಇದ್ದು ಗಡುವು ಮೀರಿದ್ದರೆ ಸಕಾಲದ (ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕು ಅನ್ನುವ ಕಾಯ್ದೆ) ಜಿಎಸ್‌ಸಿ ಸಂಖ್ಯೆ, ಅಂದರೆ ಅದರಡಿ ಅರ್ಜಿಗೆ ಕೊಡುವ ಸಂಖ್ಯೆ, ಹಿಡಿದು ಮೇಲ್ಮನವಿ ಹಾಕಿ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಅಂತಿದೆ. ನಮಗೆ ಅದು ಬಿಡಿಗಾಸು, ಆದರೆ ತಪ್ಪಿತಸ್ಥ ನೌಕರನ ಸಂಬಳದಿಂದ ವಸೂಲಾಗುವ ದುಡ್ಡು ಅದು, ಹಾಗಾಗಿ ಕಡತಕ್ಕೆ ಕಾಲು ಬರುತ್ತದೆ.

ಜಿಲ್ಲಾ ಅಂಗವಿಕಲರ ಕಲ್ಯಾಣ ಕಚೇರಿಗೆ ಅಲೆದೆ ಅಂದಿರಿ. ಅಲ್ಲಿ ಏನೂ ಆಗಲ್ಲ, ಈ ವೇತನ ಕಂದಾಯ ಇಲಾಖೆಯದ್ದು. ಇನ್ನು ನೀವು ಬರೆದಿರುವ ಆ ಏಜೆಂಟನ ಸಹವಾಸ ಬೇಡವೇ ಬೇಡ. ಅವನೂ ತನ್ನ ನಂಬರೇ ಹಾಕುತ್ತಾನೆ.

ನಾನು ಎರಡನೇ ಸಲ ನನ್ನ ನಂಬರ್ ಕೊಟ್ಟು ಹಾಕಿದೆ. ಲೆಕ್ಕಿಗರು ಫೋನ್ ಮಾಡಿ, ಮನೆಗೆ ಬಂದು ಕಾಲು ನೋಡಿ ಹೋದರು, ಮಂಜೂರಾಯಿತು. ತಿಂಗಳಿಗೆ 800 ರೂಪಾಯಿ. ಹಿಂದಿನ ತಿಂಗಳುಗಳದ್ದು ನನಗೆ ಸಿಗಲಿಲ್ಲ, ಅದಕ್ಕೇ ಇವತ್ತೇ ನೋಡಿ ಅಂದಿದ್ದು.