ಕ್ಲೋಸ್ಡ್-ಬ್ಯಾಕ್ ಹೆಡ್‌ಫೋನ್ ಜೊತೆ ಆ್ಯಂಪ್ ಬೇಕೇ ಬೇಕಾ?

ಬಾಳಿಕೆ ಬರುವ, ಗಂಟೆಗಟ್ಟಲೆ ಹಾಕಿಕೊಂಡರೂ ಕಿವಿ ನೋಯದ ಕ್ಲೋಸ್ಡ್-ಬ್ಯಾಕ್ (ಹೊರಬದಿ ಪೂರ್ತಿ ಮುಚ್ಚಿರುವ) ಹೆಡ್‌ಫೋನ್ ಯಾವುದು, ಜೊತೆಗೆ ಪೋರ್ಟಬಲ್ ಆ್ಯಂಪ್ (ಸದ್ದು ಹೆಚ್ಚಿಸುವ ಪುಟ್ಟ ಸಾಧನ) ಬೇಕಾ ಅಂತ ಕೇಳಿದ್ದೀರಿ. ಮೊದಲು ಹೆಡ್‌ಫೋನ್ ಆರಿಸಿ, ಆ್ಯಂಪ್ ಆಮೇಲೆ.

ಸಾಮಾನ್ಯವಾಗಿ ಮೊದಲು ಕೆಡುವುದು ವೈರು ಮತ್ತು ಕಿವಿಯ ಮೆತ್ತೆ. ನನ್ನ ಹಳೆಯದರ ವೈರು ಪಿನ್ ಹತ್ತಿರ ಒಳಗೇ ತುಂಡಾಗಿತ್ತು. ಬೆರಳಲ್ಲಿ ಒತ್ತಿ ಹಿಡಿದರಷ್ಟೇ ಎಡಗಡೆ ಕೇಳುತ್ತಿತ್ತು. ಹಾಗಾಗಿ ಎರಡೂ ಬದಲಿಸಲು ಬರುವಂಥದ್ದನ್ನೇ ತಗೊಳ್ಳಿ. ಆಡಿಯೋ-ಟೆಕ್ನಿಕಾ ಎಂ50ಎಕ್ಸ್ ಅಂಥದ್ದು. ಬೇಯರ್‌ಡೈನಮಿಕ್ ಡಿಟಿ 770 ಪ್ರೊ 250 ಓಮ್ (ಓಮ್ ಅಂದರೆ ವಿದ್ಯುತ್ ತಡೆಯ ಅಳತೆ) ಮಾದರಿಯ ವೆಲೂರ್, ಅಂದರೆ ಮಖಮಲ್ಲಿನಂಥ ಬಟ್ಟೆಯ ಮೆತ್ತೆ ತುಂಬಾ ಹಿತ, ಬೆವರೂ ಕಡಿಮೆ. ಆದರೆ ಅದರ ವೈರು ಕಳಚಲು ಬರುವುದಿಲ್ಲ.

ಕನ್ನಡಕ ಇದ್ದರೆ ಅದರ ಸಮೇತ ಅರ್ಧ ಗಂಟೆ ಹಾಕಿ ನೋಡಿ. ಕಡ್ಡಿ ಒತ್ತಿ ನೋವಾದರೆ ಧ್ವನಿ ಎಷ್ಟೇ ಚೆನ್ನಾಗಿರಲಿ, ಬೇಡ.

ಎಂ50ಎಕ್ಸ್ 38 ಓಮ್. ಅದಕ್ಕೆ ಫೋನೇ ಸಾಕು, ಸುಮ್ನೆ ಆ್ಯಂಪ್‌ಗೆ ದುಡ್ಡು ಹಾಕಬೇಡಿ. 250 ಓಮ್‌ನದಕ್ಕೆ ಜಾಸ್ತಿ ವೋಲ್ಟೇಜ್ ಬೇಕು, ಫೋನಿನಲ್ಲಿ ಸದ್ದು ಸಣ್ಣದಾಗಿ ಬರುತ್ತದೆ. ಅಲ್ಲಿ ಆ್ಯಂಪ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಆ್ಯಂಪ್‌ನ ಔಟ್‌ಪುಟ್ ಇಂಪೀಡೆನ್ಸ್ (ಅದರದೇ ವಿದ್ಯುತ್ ತಡೆ, ಇದೂ ಓಮ್‌ನಲ್ಲೇ) ಹೆಡ್‌ಫೋನಿನದರ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ. ಉದಾಹರಣೆಗೆ 32 ಓಮ್ ಹೆಡ್‌ಫೋನಿಗೆ 4 ಓಮ್ ಒಳಗೆ.